ಮೊಳಕಾಲ್ಮೂರಿನಿಂದ ಮಗಳಿಗೊಂದು ಕಾಗದ

ಚಿ॥ ಪುಟ್ಟಿಗೆ,

ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ. ನಾನು, ನಿನ್ನ ಅಮ್ಮ, ಅಜ್ಜಿ ಎಲ್ಲರೂ ಇಲ್ಲಿ ಆರೋಗ್ಯವಾಗಿದ್ದೇವೆ. ನಿನ್ನ ಆರೋಗ್ಯದ ಬಗ್ಗೆ ತಿಳಿಸುವುದು.

ಇಷ್ಟು ಬರೆಯೋಕೆ ಮೂರು ದಿನ ಬೇಕಾಯಿತು. ಮೂವತ್ತೊಂದು ವರ್ಷದಿಂದ ತಾಲ್ಲೂಕು ಕಚೇರಿ ಮುಂದೆ ಬೇವಿನ ಮರದ ಕೆಳಗೆ ಕೂತು ಊರವರ ಅರ್ಜಿ ಬರೆದವನು ನಾನು. ಯಾರದೇ ಕಷ್ಟವಾದರೂ ಹತ್ತು ನಿಮಿಷದಲ್ಲಿ ಒಂದು ಹಾಳೆಗೆ ಇಳಿಸುತ್ತೇನೆ. ನಿನಗೆ ಬರೆಯೋಕೆ ಕೂತರೆ ಮಾತ್ರ ಕೈ ಓಡುತ್ತಿಲ್ಲ. ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನೀನು ಕಿಟಕಿಯಿಂದ ಬಗ್ಗಿ "ಅಪ್ಪಾ" ಅಂದೆ. ನನಗೆ ಕೇಳಿಸಿತು. ಎರಡನೇ ಸಲ ಅಂದದ್ದೂ ಕೇಳಿಸಿತು. ಬೋರ್ಡು ಓದುವವನ ಹಾಗೆ ಆ ಕಡೆ ಮುಖ ಮಾಡಿ ನಿಂತೆ. ಬಸ್ಸು ಹೋದಮೇಲೆ ತಿರುಗಿ ನೋಡಿದೆ. ಬರೀ ಧೂಳಿತ್ತು. ತಪ್ಪು ನನ್ನದು.

ಹಿಂದಿನ ರಾತ್ರಿ ಮನೆಯಲ್ಲಿ ಆದದ್ದನ್ನು ಬರೆಯುವುದಿಲ್ಲ. ನೀನಾಡಿದ್ದು ನಿನಗೆ ಗೊತ್ತು, ನಾನಾಡಿದ್ದು ನನಗೆ ಗೊತ್ತು. ಜರ್ಮನಿಗೆ ಹೋಗುತ್ತೀಯ ಅನ್ನುವುದು ನನ್ನ ಸಿಟ್ಟಿಗೆ ಕಾರಣವಲ್ಲ. ನರ್ಸ್ ಕೆಲಸ ಮಾಡುತ್ತಾ, ರಾತ್ರಿ ಪಾಳಿ ಮುಗಿಸಿ, ಒಂದು ವರ್ಷ ಆ ಭಾಷೆ ಕಲಿತು ಪರೀಕ್ಷೆ ಪಾಸು ಮಾಡಿದ್ದೀಯ. ಈ ಬೀದಿಯಲ್ಲಿ ಯಾರು ಮಾಡಿದ್ದಾರೆ ಇದನ್ನು? ನೀನು ಹೋದಮೇಲೆ ಟೀ ಅಂಗಡಿಯಲ್ಲಿ ನಾನೇ ನಾಲ್ಕು ಜನಕ್ಕೆ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಆದರೆ ಆ ಒಂದು ವರ್ಷ ನನಗೆ ಹೇಳಲಿಲ್ಲವಲ್ಲ, ಅದು ಚುಚ್ಚಿತು. ಆಮೇಲೆ ಫೋನಿನಲ್ಲಿ ಯಾರಿಗೋ "ನಮ್ಮದು ಬಳ್ಳಾರಿ ಹತ್ತಿರ" ಅಂದೆಯಲ್ಲ, ಅದು ಇನ್ನೂ ಜಾಸ್ತಿ ಚುಚ್ಚಿತು. ಬಳ್ಳಾರಿ ಹತ್ತಿರ ನಿಜ. ಆದರೂ ಅದಕ್ಕೊಂದು ಹೆಸರಿದೆ ಅಲ್ವಾ? ಹಾಸ್ಟೆಲಿನಲ್ಲಿ ಹುಡುಗಿಯರು "ಮೊಣಕಾಲು ಮುರೀತಾ?" ಅಂತ ನಗುತ್ತಿದ್ದರು ಅಂತ ಅಮ್ಮನಿಗೆ ಹೇಳಿದ್ದೆಯಂತೆ. ಅಮ್ಮ ಈಗ ಹೇಳಿದಳು. ನನಗೆ ಮೊದಲೇ ಗೊತ್ತಿದ್ದರೆ ಆ ರಾತ್ರಿ ಅಷ್ಟು ಜೋರಾಗಿ ಮಾತಾಡುತ್ತಿರಲಿಲ್ಲ.

ನೀನು ಕರೆದು ನಾನು ಓಗೊಡದೇ ಇದ್ದದ್ದು ಇದು ಎರಡನೇ ಸಲ. ಮೊದಲನೆಯದು ನಿನಗೆ ನೆನಪಿದೆಯೋ ಇಲ್ಲವೋ. ನೀನಾಗ ಆರು ವರ್ಷದವಳು. ನನಗಂತೂ ನಿನ್ನೆ ಆದ ಹಾಗಿದೆ.

ಅವತ್ತು ಭಾನುವಾರ. ಕಚೇರಿಗೆ ರಜೆ, ಮರದ ಕೆಳಗೆ ನನಗೂ ರಜೆ. ನಿನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಕೂಗು ಬಂಡೆ ತೋರಿಸೋಕೆ ಕರೆದುಕೊಂಡು ಹೋದೆ. ನಮ್ಮಪ್ಪ ನನಗೆ ತೋರಿಸಿದ್ದರು, ನಾನು ನಿನಗೆ ತೋರಿಸಬೇಕು ಅಂತ ಆಸೆ. ಇಲ್ಲಿ ನಿಂತು ಕೂಗಿದರೆ ಗುಡ್ಡ ತಿರುಗಿ ಕೂಗುತ್ತೆ ಅಂತ ದಾರಿಯುದ್ದಕ್ಕೂ ಹೇಳಿದ್ದೆ. ನೀನು ನಂಬಲಿಲ್ಲ. "ಬಂಡೆಗೆ ಬಾಯಿ ಎಲ್ಲಿರುತ್ತೆ?" ಅಂದೆ. ಅದಕ್ಕೆ ನನಗೆ ಒಂದು ಆಟ ಹೊಳೆಯಿತು. ನಿನ್ನನ್ನು ನಿಲ್ಲಿಸಿ, ಕಣ್ಣು ಮುಚ್ಚಿಕೋ ಅಂದು, ನಾನು ಒಂದು ದೊಡ್ಡ ಗುಂಡಿನ ಹಿಂದೆ ಹೋಗಿ ಕೂತೆ.

ಕಣ್ಣು ಬಿಟ್ಟು ನೋಡಿದರೆ ಅಪ್ಪ ಇಲ್ಲ. "ಅಪ್ಪಾ" ಅಂದೆ. ಗುಡ್ಡ "ಅಪ್ಪಾ" ಅಂದಿತು. ನೀನು ಸುಮ್ಮನಾದೆ. ಮತ್ತೆ ಸ್ವಲ್ಪ ಜೋರಾಗಿ "ಅಪ್ಪಾ" ಅಂದೆ. ಅದೂ ಅಷ್ಟೇ ಜೋರಾಗಿ ಅಂದಿತು. ನಾನು ಗುಂಡಿನ ಹಿಂದೆ ನಗು ತಡೆದುಕೊಂಡು ಕೂತಿದ್ದೆ. ಮೂರನೇ ಸಲ ಕರೆದೆ. ನಾಲ್ಕನೇ ಸಲ ಕರೆದೆ. ಆಗಲೇ ಎದ್ದು ಬರಬೇಕಿತ್ತು. ಇನ್ನೊಂದು ಸಲ ಕರೆಯಲಿ ಅಂತ ಕೂತೆ. ಆಮೇಲೆ ಸದ್ದೇ ಇಲ್ಲ.

ಎದ್ದು ನೋಡಿದರೆ ನೀನು ಅಲ್ಲಿರಲಿಲ್ಲ.

ಆ ಬಂಡೆಗಳ ಸಂದಿ ನಿನಗೂ ಗೊತ್ತು. ಒಂದರ ಹಿಂದೆ ಒಂದು. ಬೇಸಿಗೆಯಲ್ಲಿ ಸಂಜೆಯಾದರೆ ಕರಡಿ ಇಳಿಯುವ ಗುಡ್ಡ ಅದು. ನಾನು "ಪುಟ್ಟೀ" ಅಂತ ಕೂಗಿದೆ. ಗುಡ್ಡವೂ "ಪುಟ್ಟೀ" ಅಂದಿತು. ಆ ಸದ್ದಿನಲ್ಲಿ ನಿನ್ನ ದನಿ ಎಲ್ಲಾದರೂ ಇದೆಯಾ ಅಂತ ಕೇಳೋಕೆ ಆಗಲೇ ಇಲ್ಲ. ಕೂಗಿದ ಮೇಲೆ ಗುಡ್ಡದ ದನಿ ಮುಗಿಯುವ ತನಕ ಕಾಯಬೇಕು, ಆಮೇಲೆ ಕಿವಿ ಕೊಡಬೇಕು, ಮತ್ತೆ ಕೂಗಬೇಕು. ಎಷ್ಟು ಹೊತ್ತು ಹುಡುಕಿದೆನೋ. ಗಡಿಯಾರದಲ್ಲಿ ಅರ್ಧ ಗಂಟೆ ಇದ್ದಿರಬಹುದು. ಮಂಡಿ ತರಚಿತ್ತು, ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಕೊನೆಗೆ ಕುರಿ ಕಾಯುವ ಒಬ್ಬ ಅಜ್ಜ ನಿನ್ನ ಕೈ ಹಿಡಿದುಕೊಂಡು ಇಳಿದು ಬಂದ. ನೀನು ಅಳುತ್ತಿರಲಿಲ್ಲ. ನನ್ನನ್ನು ನೋಡಿ ಏನಂದೆ ಗೊತ್ತಾ? "ಅಪ್ಪಾ, ಅಲ್ಲೊಬ್ಬಳು ಹುಡುಗಿ ಅವಳಪ್ಪನ್ನ ಕರೀತಾ ಇದ್ದಳು. ಅವಳಿಗೆ ಅಪ್ಪ ಸಿಕ್ಕಿಲ್ಲ. ಹುಡುಕೋಣ ಬಾ" ಅಂದೆ.

ನಿನಗೆ ಅಪ್ಪ ಸಿಕ್ಕಿರಲಿಲ್ಲ. ಆದರೂ ಆ ಹುಡುಗಿಯನ್ನು ಹುಡುಕಿಕೊಂಡು ಹೋಗಿದ್ದೆ. ಮನೆಗೆ ಬರುವಾಗ ಸೈಕಲ್ ಮೇಲೆ ಕೂತು ಪೂರಾ ದಾರಿ ಅವಳದೇ ಮಾತು. ಅವಳಿಗೆ ಊಟ ಯಾರು ಹಾಕುತ್ತಾರೆ, ಕತ್ತಲಾದರೆ ಏನು ಮಾಡುತ್ತಾಳೆ. ಅದು ನಿನ್ನದೇ ದನಿ ಕಣೆ ಅಂತ ನಾನು ಹೇಳಲಿಲ್ಲ. ಹೇಳಿದರೆ ಯಾಕೆ ಬಚ್ಚಿಟ್ಟುಕೊಂಡೆ ಅಂತಲೂ ಹೇಳಬೇಕಾಗುತ್ತಿತ್ತು. ಇವತ್ತಿನ ತನಕ ಹೇಳಿರಲಿಲ್ಲ. ನೀನು ನರ್ಸಿಂಗ್ ಸೇರಿದ ದಿನ ಇದು ನೆನಪಾಯಿತು. ಈಗ ಕೇಳಿದವರಿಗೆಲ್ಲ ಓಗೊಡುವ ಕೆಲಸ ಮಾಡುತ್ತಿದ್ದೀಯ. ಅಷ್ಟು ದೂರದ ಊರಿನಲ್ಲಿ ನೀನು ಕರೆದರೆ ಯಾರು ಓಗೊಡುತ್ತಾರೆ ಅನ್ನುವುದೇ ನನ್ನ ಭಯ. ಆ ರಾತ್ರಿ ಇದನ್ನು ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಈ ಊರಲ್ಲಿ ಏನಿದೆ ಅಂತ ಇಲ್ಲೇ ಕೂತಿದ್ದೀರ, ಮನೆ ಮಾರಿ ಬೆಂಗಳೂರಿಗೆ ಬನ್ನಿ" ಅಂದೆಯಲ್ಲ. ನಾನು ಆಗ ಉತ್ತರ ಕೊಡಲಿಲ್ಲ, ಸಿಟ್ಟು ಮಾಡಿದೆ. ಈಗ ಕೊಡುತ್ತೇನೆ. ಓದು. ಬೇಜಾರಾದರೂ ಓದು.

ನಿನ್ನನ್ನು ಏಳನೇ ಕ್ಲಾಸಿನಲ್ಲಿ ಅಶೋಕ ಸಿದ್ದಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಬ್ರಹ್ಮಗಿರಿ ತಪ್ಪಲಿನ ಅಕ್ಷರಗುಂಡು, ಅಶೋಕನ ಶಾಸನ ಇರುವ ಬಂಡೆ. ನೀನು ಬಿಸಿಲು ಅಂತ ನೆರಳಿಗೆ ಹೋದೆ. ನಾನು ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ಲ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಹೊರಜಗತ್ತಿಗೆ ತಿಳಿಸಿದರು. ಅದಕ್ಕಿಂತ ಮುಂಚೆ ಅಲ್ಲಿನವರಿಗೆ ಅದು ಬರೀ ಅಕ್ಷರ ಇರುವ ಗುಂಡು. ಏನು ಬರೆದಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಆ ಅಕ್ಷರದ ಮೇಲೆ ಹುಯ್ದ ನೀರು ಕುಡಿಸಿದರೆ ಬಾಣಂತಿಗೆ, ದನಕರುಗಳಿಗೆ ಒಳ್ಳೆಯದಾಗುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದರು. ಓದೋಕೆ ಬಾರದ ಅಕ್ಷರವನ್ನೂ ಜನ ಕಾಪಾಡಿಕೊಂಡಿದ್ದರು.

ಅದರಲ್ಲಿ ಏನಿದೆ ಗೊತ್ತಾ? ಅದೊಂದು ಕಾಗದ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಆರ್ಯಪುತ್ರ ಅಂದರೆ ರಾಜಕುಮಾರ, ಮಹಾಮಾತ್ರರು ಅಂದರೆ ದೊಡ್ಡ ಅಧಿಕಾರಿಗಳು. ಆ ಇಸಿಲ ನಮ್ಮ ಬ್ರಹ್ಮಗಿರಿ ತಪ್ಪಲಿನಲ್ಲೇ ಇತ್ತು ಅಂತ ತಿಳಿದವರು ಹೇಳುತ್ತಾರೆ. ಇಂಥ ಸೀಮೆಗೆ ಇಂಥವರು ಅಧಿಕಾರಿ, ಅವರು ಕೂರುವುದು ಇಂಥ ಊರಲ್ಲಿ. ಇವತ್ತು ತಹಶೀಲ್ದಾರರು ಮೊಳಕಾಲ್ಮೂರಲ್ಲಿ ಕೂರುವ ಹಾಗೆ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಈ ಸೀಮೆಗೊಂದು ಕಚೇರಿ ಊರಿತ್ತು. ಆ ಕಾಗದ ವಿಷಯಕ್ಕೆ ಬರುವ ಮುಂಚೆ ಏನನ್ನುತ್ತೆ? "ಆರೋಗಿಯಂ ವತವಿಯಾ" ಅನ್ನುತ್ತೆ. ಇಸಿಲದವರ ಆರೋಗ್ಯ ವಿಚಾರಿಸಬೇಕು ಅಂತ. ನಾನು ಮೇಲೆ ಉಭಯ ಕುಶಲೋಪರಿ ಅಂತ ಬರೆದೆನಲ್ಲ, ಅದೇ. ನಮ್ಮ ಸೀಮೆಗೆ ಬಂದ ಕಾಗದಗಳಲ್ಲಿ ಇವತ್ತಿಗೂ ಉಳಿದಿರುವ ಎಲ್ಲಕ್ಕಿಂತ ಹಳೆಯದು ಆರೋಗ್ಯ ಕೇಳುತ್ತಲೇ ಶುರುವಾಗುತ್ತೆ. ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತೆ.

ಹದಿಮೂರು ಸಾಲು. ಅಶೋಕ ಅನ್ನುವ ಹೆಸರು ಅದರಲ್ಲಿಲ್ಲ, ದೇವಾನಂಪಿಯ, ಅಂದರೆ ದೇವರಿಗೆ ಪ್ರಿಯನಾದವನು, ಅಂತಷ್ಟೇ. 1915ರಲ್ಲಿ ಅಶೋಕನ ಹೆಸರೇ ಇರುವ ಮಸ್ಕಿ ಶಾಸನ ಸಿಕ್ಕಮೇಲೆ ದೇವಾನಂಪಿಯ ಅಂದರೆ ಅಶೋಕನೇ ಅಂತ ಖಚಿತವಾಯಿತು. ಒಳ್ಳೆಯ ಫಲ ಬರೀ ದೊಡ್ಡವರಿಗಲ್ಲ, ಪ್ರಯತ್ನ ಮಾಡಿದರೆ ಚಿಕ್ಕವರಿಗೂ ಸಿಗುತ್ತೆ ಅಂತ ಅದರಲ್ಲಿದೆ. ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಬೇಕು, ಗುರುಗಳಿಗೆ ಗೌರವ ಕೊಡಬೇಕು ಅಂತಿದೆ. ತಂದೆ ತಾಯಿ ಮಾತು ಕೇಳಬೇಕು ಅಂತಲೂ ಇದೆ. ಆ ರಾತ್ರಿ ಆ ಸಾಲನ್ನೇ ನಿನ್ನ ಮೇಲೆ ಎಸೆದೆ. ಕಲ್ಲಿನ ಮಾತನ್ನು ಕಲ್ಲಿನ ಹಾಗೆ ಎಸೆಯಬಾರದಿತ್ತು. ನೀನು ಮಾತು ಕೇಳದ ಮಗಳಲ್ಲ.

ಆ ಶಾಸನದಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೊನೆಯ ಸಾಲು. ಬರೆದವನು ಚಪಡ ಅಂತಿದೆ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿ ಬರೆದು, ತನ್ನ ಕಸುಬಿನ ಹೆಸರು ಲಿಪಿಕರ ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ವಾಯವ್ಯದ ಗಾಂಧಾರದ ಕಡೆಯದು. ಅವನು ಆ ಕಡೆಯವನೇ ಇರಬೇಕು, ಇಲ್ಲವೇ ಅಲ್ಲಿ ಕಲಿತವನು. ಎಲ್ಲಿಯ ಗಾಂಧಾರ, ಎಲ್ಲಿಯ ಬ್ರಹ್ಮಗಿರಿ! ಕೆಲಸಕ್ಕೆ ಅಂತ ಅಷ್ಟು ದೂರ ಬಂದವನು. ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ, ಬ್ರಹ್ಮಗಿರಿಯಲ್ಲಿ, ಮೂರೂ ಕಡೆ ಅವನದೇ ಕೈ. ಜಟಿಂಗ ರಾಮೇಶ್ವರಕ್ಕೆ ನೀನು ಹತ್ತಿದ್ದೀಯ. ಜಟಾಯು ಬಿದ್ದ ಜಾಗ ಅಂತ ಅಜ್ಜಿ ಕತೆ ಹೇಳಿದ್ದು ನೆನಪಿರಬೇಕು. ಅಷ್ಟು ಎತ್ತರಕ್ಕೆ ಉಳಿ ಸುತ್ತಿಗೆ ಹೊತ್ತು ಹೋಗಿ ಬರೆದಿದ್ದಾರೆ. ಚಪಡನ ಅಪ್ಪ ಅಮ್ಮ ಅವನು ಹೊರಟ ದಿನ ಏನಂದಿದ್ದರೋ.

ಕ್ರಯಪತ್ರದ ಕೊನೆಯಲ್ಲಿ ನಾವು ಬಿಕಲಂ ಅಂತ ಹಾಕಿ ಬರೆದವನ ಹೆಸರು ಬರೆಯುತ್ತೇವಲ್ಲ, ಚಪಡ ಹಾಕಿದ್ದೂ ಅದೇ. ಹೀಗಾಗಿ ಅವನು ನನ್ನ ಕಸುಬಿನವನು. ನೀನು ಚಿಕ್ಕವಳಿದ್ದಾಗ ಶಾಲೆಯಲ್ಲಿ ಅಪ್ಪನ ಕೆಲಸ ಏನು ಅಂತ ಕೇಳಿದರೆ "ಆಫೀಸಲ್ಲಿದ್ದಾರೆ" ಅನ್ನುತ್ತಿದ್ದೆ. ನನಗೆ ಗೊತ್ತಿತ್ತು. ಆಫೀಸಿನ ಹೊರಗೆ ಅನ್ನೋಕೆ ಮಕ್ಕಳಿಗೆ ಕಷ್ಟ. ಅದಕ್ಕೆ ಬೇಜಾರಿಲ್ಲ.

ಆ ಮರದ ಕೆಳಗೆ ಏನೆಲ್ಲ ನೋಡಿದ್ದೇನೆ! ಗಂಡ ಸತ್ತು ಪೌತಿ ಖಾತೆಗೆ ಬಂದವರು, ವಿಧವಾ ವೇತನ ನಿಂತುಹೋದವರು, ಬಗರ್ ಹುಕುಂ ಜಮೀನಿಗೆ ಫಾರಂ 53 ಹಾಕಿ ವರ್ಷಗಟ್ಟಲೆ ಕಾದವರು. ನಮ್ಮದು ಕರ್ನಾಟಕದಲ್ಲೇ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಶೇಂಗಾ ಬಿತ್ತಿ ಆಕಾಶ ನೋಡುವ ಜನ. ಬರ ಬಂದ ವರ್ಷ ನನ್ನ ಮುಂದೆ ಸಾಲು ಉದ್ದ. ಅಂಥ ವರ್ಷ ನನ್ನ ಕೈಗೆ ಹೆಚ್ಚು ದುಡ್ಡು ಬಂದರೆ ಸಂತೋಷಪಡೋಕೆ ಆಗುತ್ತಿರಲಿಲ್ಲ. ನಿನ್ನ ನರ್ಸಿಂಗ್ ಮೊದಲ ವರ್ಷದ ಫೀಸು ಅಂಥದ್ದೇ ಒಂದು ವರ್ಷದ್ದು. ಇದನ್ನು ನಿನಗೆ ಹೊರೆ ಹೊರಿಸೋಕೆ ಹೇಳುತ್ತಿಲ್ಲ. ಎಷ್ಟು ಜನರ ಕಾಗದ ಸೇರಿ ನೀನು ಓದಿದೆ ಅಂತ ಗೊತ್ತಿರಲಿ ಅಂತಷ್ಟೇ.

ಈಗ ಎಲ್ಲಾ ಆನ್‌ಲೈನ್, ಯಾರು ಬರೆಸುತ್ತಾರೆ ಅಂದೆ. ಸರಿ. ನೀನು ತೊದಲು ಮಾತಾಡುವ ಕಾಲಕ್ಕೇ ಭೂಮಿ ಯೋಜನೆ ಬಂತು, ಕೈಬರಹದ ಪಹಣಿ ಹೋಗಿ ಕಂಪ್ಯೂಟರ್ ಪಹಣಿ ಬಂತು. ಅದು ಒಳ್ಳೆಯದೇ ಆಯಿತು. ತಿದ್ದುವವರ ಕೈ ತಪ್ಪಿತು. ನನ್ನ ಅರ್ಧ ಕೆಲಸವೂ ಹೋಯಿತು. ಆದರೂ ಸೋಮವಾರ ಬಂದು ನೋಡು. ಹಳ್ಳಿಯಿಂದ ಬಂದ ಅಜ್ಜಿ ಫೋನು ಕೈಯಲ್ಲಿ ಹಿಡಿದುಕೊಂಡೇ ನನ್ನ ಹತ್ತಿರ ಕೂತುಕೊಳ್ಳುತ್ತಾಳೆ. ಮೊದಲು ಮಗನ ಕತೆ, ಸೊಸೆ ಕತೆ, ಹಸು ಕತೆ. ಆಮೇಲೆ ವಿಷಯ. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾಳೆ. ರಾಯದುರ್ಗ ಇಲ್ಲೇ ಪಕ್ಕದಲ್ಲಿ. 1953ರಲ್ಲಿ ಬಳ್ಳಾರಿ ನಮ್ಮ ಕಡೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಅದಕ್ಕೂ ಮುಂಚೆ ನಮ್ಮದು ಮೈಸೂರು ಸಂಸ್ಥಾನದ ತುದಿ, ಆಚೆ ಮದ್ರಾಸಿನವರ ಸೀಮೆ. ಗಡಿ ಎಲ್ಲಿ ಹಾಕಿದರೂ ಇಲ್ಲಿಯವರು ಹೆಣ್ಣು ಕೊಟ್ಟು ತರುವುದನ್ನು ಬಿಡಲಿಲ್ಲ. ನಿನ್ನ ಅಜ್ಜಿಯೇ ಆ ಕಡೆಯವಳು.

ಬೆಟ್ಟದ ಕೋಟೆ, ಪಾಳೇಗಾರರು, ಆಮೇಲೆ ದುರ್ಗದ ನಾಯಕರು, 1779ರಲ್ಲಿ ದುರ್ಗವೇ ಹೈದರನ ಕೈಗೆ ಹೋದದ್ದು, ಇವೆಲ್ಲ ನಿನ್ನ ಪುಸ್ತಕದಲ್ಲಿತ್ತು. ಅದು ಬೇಡ. ಮಗ್ಗದ ಮಾತು ಹೇಳುತ್ತೇನೆ.

ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಗೋಡೆ ಪಕ್ಕ ಬಣ್ಣ ಹಾಕಿದ ರೇಷ್ಮೆ ಲಡಿ ಒಣಗಿಸೋಕೆ ಹಾಕಿರುತ್ತಾರೆ. ಅರಿಶಿನ, ಹಸಿರು, ಕುಂಕುಮದ ಕೆಂಪು. ಮೊದಲು ನಮ್ಮ ಓಣಿಯಲ್ಲಿ ಪ್ರತಿ ಮನೆಯಿಂದಲೂ ಸದ್ದು ಬರುತ್ತಿತ್ತು. ಈಗ ನಾಲ್ಕು ಮನೆಯಿಂದ ಬರುತ್ತೆ. ಅದರಲ್ಲಿ ಒಂದು ನಮ್ಮದು. ಮೊಳಕಾಲ್ಮೂರು ಸೀರೆಗೆ ಜಿಐ ಮಾನ್ಯತೆ ಸಿಕ್ಕಿದೆ. ಹೆಸರು ನಮ್ಮದು ಅಂತ ಸರ್ಕಾರವೇ ಬರೆದುಕೊಟ್ಟಿದೆ. ಆದರೆ ಅದೇ ಹೂವು, ಅದೇ ನವಿಲು ಪವರ್‌ಲೂಮಿನಲ್ಲಿ ಅರ್ಧ ಬೆಲೆಗೆ ಬರುತ್ತೆ. ಕೊಳ್ಳುವವರಿಗೆ ಗೊತ್ತಾಗುವುದಿಲ್ಲ. ನೀನು ಯಾರಿಗಾದರೂ ಹೇಳುವುದಾದರೆ ಅಂಚು ತಿರುಗಿಸಿ ನೋಡೋಕೆ ಹೇಳು. ಕೈಮಗ್ಗದಲ್ಲಿ ಒಡಲಿಗೆ ಒಂದು ಲಾಳಿ, ಎರಡೂ ಅಂಚಿಗೆ ಒಂದೊಂದು, ಒಟ್ಟು ಮೂರು ಲಾಳಿ ಓಡುತ್ತವೆ. ಒಡಲಿನ ಎಳೆ ಅಂಚಿನ ಎಳೆಗೆ ಕೊಂಡಿ ಹಾಕಿಕೊಂಡು ಹಿಂದಕ್ಕೆ ಬರುತ್ತೆ. ಅದಕ್ಕೇ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಒಂದರದು ಒಂದಕ್ಕೆ ಬೆರೆಯುವುದಿಲ್ಲ. ಆ ಕಡೆ ಅಂಚಿನ ಲಾಳಿ ತಳ್ಳೋಕೆ ಇನ್ನೊಬ್ಬರು ಬೇಕು. ನಮ್ಮಪ್ಪನ ಪಕ್ಕ ನಾನು ಕೂರುತ್ತಿದ್ದೆ. ಶಾಲೆ ತಪ್ಪಿಸಿ ಕೂರುತ್ತಿದ್ದೆ. ನಿನ್ನನ್ನು ಮಾತ್ರ ಅಲ್ಲಿ ಕೂರಿಸಬಾರದು ಅಂತ ನಾನೂ ನಿನ್ನಮ್ಮನೂ ಆಣೆ ಮಾಡಿಕೊಂಡಿದ್ದೆವು. ಹಾಗಾಗಿ ನಿನಗೆ ಮಗ್ಗ ಬರುವುದಿಲ್ಲ. ಒಮ್ಮೊಮ್ಮೆ ಅನ್ನಿಸುತ್ತೆ, ಅಷ್ಟು ದೂರ ಇಟ್ಟದ್ದು ಜಾಸ್ತಿ ಆಯಿತೇನೋ ಅಂತ. ಊರಿನಿಂದ ನಿನ್ನನ್ನು ಮೊದಲು ಆಚೆ ಕಳಿಸಿದ್ದು ನಾವೇ. ಆಮೇಲೆ ಊರು ಮರೆತಳು ಅಂತ ನಿನ್ನ ಮೇಲೆ ಸಿಟ್ಟು ಮಾಡಿದೆ.

1947ರಲ್ಲಿ ವೀಲರ್ ಅನ್ನುವ ಸಾಹೇಬರು ಬ್ರಹ್ಮಗಿರಿಯಲ್ಲಿ ನೆಲ ಅಗೆಸಿದರು. ಕೆಳಗೆ ನಯಗೊಳಿಸಿದ ಕಲ್ಲಿನ ಕೊಡಲಿ ಕಾಲದವರು. ಅವರ ಮೇಲೆ ಕಬ್ಬಿಣ ಬಲ್ಲವರು, ದೊಡ್ಡ ಬಂಡೆ ನಿಲ್ಲಿಸಿ ಸಮಾಧಿ ಮಾಡಿದವರು. ಅವರ ಮೇಲೆ ಇನ್ನೂ ಈಚಿನವರು. ಒಬ್ಬರ ನೆಲದ ಮೇಲೆ ಒಬ್ಬರು ಬದುಕಿದ್ದಾರೆ. ನೀರಿಲ್ಲದ, ಬಿಸಿಲು ಕಾಯುವ ಈ ಜಾಗದಲ್ಲಿ. ಏನಿದೆ ಅಂತ ಕೂತಿದ್ದರು ಅವರೆಲ್ಲ? ನನಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಬರುವುದಿಲ್ಲ. ಮನೆ ಮಾರುವುದಿಲ್ಲ ಪುಟ್ಟಿ. ಬೇರೆ ಏನು ಬೇಕಾದರೂ ಕೇಳು.

ಉಪದೇಶ ಮಾಡಬಾರದು ಅಂತ ಕೂತವನು ಇಷ್ಟು ಹೇಳಿಬಿಟ್ಟೆ. ಇನ್ನು ನಾಲ್ಕು ಮಾತು ಕೇಳಿಬಿಡು. ಓದದೆ ಎಲ್ಲೂ ಸಹಿ ಹಾಕಬೇಡ. ಅವರು ಎಷ್ಟೇ ಅವಸರ ಮಾಡಲಿ, ನಾಳೆ ಕೊಡುತ್ತೇನೆ ಅನ್ನು. ಸಂಬಳ ಎಷ್ಟು, ಕಡಿತ ಎಷ್ಟು, ಕೆಲಸ ಬಿಟ್ಟರೆ ಏನು ವಾಪಸ್ ಕೊಡಬೇಕು, ಮೂರನ್ನೂ ಬರವಣಿಗೆಯಲ್ಲಿ ತಗೋ. ಪಾಸ್‌ಪೋರ್ಟು ಯಾರ ಕೈಗೂ ಇಟ್ಟುಕೊಳ್ಳೋಕೆ ಕೊಡಬೇಡ. ಎಲ್ಲದರ ಜೆರಾಕ್ಸು ಎರಡು ಜೊತೆ ಮಾಡಿಸು. ಒಂದು ಜೊತೆ ನನಗೆ ಕಳಿಸು. ಖಾಲಿ ಹಾಳೆಗೆ ಸಹಿ ಹಾಕಿ ಜಮೀನು ಕಳೆದುಕೊಂಡವರನ್ನು ನಾನು ಕಣ್ಣಾರೆ ನೋಡಿದ್ದೇನೆ. ರಾತ್ರಿ ಪಾಳಿ ಮಾಡಿ ಬಂದು ಉಪವಾಸ ಮಲಗಬೇಡ. ಚಳಿಗೆ ಕಿವಿ ಮುಚ್ಚಿಕೋ, ನಿನಗೆ ಚಿಕ್ಕಂದಿನಿಂದ ಕಿವಿನೋವು ಇದೆ. ಯಾವ ಊರು ಅಂತ ಕೇಳಿದರೆ ಪೂರ್ತಿ ಹೇಳು. ನಗುವವರು ನಗಲಿ. ಅವರಿಗೆ ಉಚ್ಚರಿಸೋಕೆ ಬಾರದಿದ್ದರೆ ಎರಡು ಸಲ ಹೇಳು. ಅವರ ಊರಿನ ಹೆಸರು ಹೇಳೋಕೆ ನೀನು ಒಂದು ವರ್ಷ ಕಲಿತಿದ್ದೀಯ.

ನೋಡು, ಮತ್ತೆ ದನಿ ಏರಿತು. ಬಿಡು.

ನಿನ್ನೆ ಸಂಜೆ ಕೂಗು ಬಂಡೆ ಕಡೆ ಹೋಗಿದ್ದೆ. ನೀನು ನಿಂತಿದ್ದ ಜಾಗ ಗೊತ್ತಾಯಿತು. ನಾನು ಕೂತಿದ್ದ ಗುಂಡೂ ಗೊತ್ತಾಯಿತು. ಅಳೆದೆ, ಇಪ್ಪತ್ತು ಹೆಜ್ಜೆಯೂ ಇಲ್ಲ. ಅಷ್ಟು ಹತ್ತಿರ ಇದ್ದು ಸುಮ್ನೆ ಕೂತಿದ್ದೆ. ಮೂರು ಹುಡುಗರು ಬಂದು ಒಬ್ಬರ ಹೆಸರು ಒಬ್ಬರು ಕೂಗಿಕೊಂಡು ಕೇಕೆ ಹಾಕುತ್ತಿದ್ದರು. ಅದರಲ್ಲೊಬ್ಬ ನುಂಕೇಶ. ಅವನ ಹೆಸರು ಗುಡ್ಡದಿಂದ ಎಷ್ಟು ಚೆನ್ನಾಗಿ ಬರುತ್ತಿತ್ತು. ನಾನು ಕೂಗಲಿಲ್ಲ. ಹುಡುಗರು ಹೋಗುವ ತನಕ ಕೂತಿದ್ದು ಬಂದೆ.

12ನೇ ತಾರೀಖು ನಾನೂ ಅಮ್ಮನೂ ಬೆಂಗಳೂರಿಗೆ ಬರುತ್ತೇವೆ. ಬೇಡ ಅನ್ನಬೇಡ. ಏರ್‌ಪೋರ್ಟಿನ ಒಳಗೆ ಬಿಡುವುದಿಲ್ಲ ಅಂತ ಗೊತ್ತು. ಬಾಗಿಲ ತನಕ ಸಾಕು.

ಅಮ್ಮ ನಿನಗೆ ಅಂತಲೇ ಒಂದು ಸೀರೆ ನೇಯುತ್ತಿದ್ದಾಳೆ. ಎಲೆ ಹಸಿರು ಒಡಲು, ಕೆಂಪು ಅಂಚು. ಮೂರು ತಿಂಗಳಿಂದ ಸಾಹುಕಾರರ ಸೀರೆಗಳ ಮಧ್ಯೆ ಬಿಡುವು ಮಾಡಿಕೊಂಡು ನೇಯ್ದದ್ದು. ಅಲ್ಲಿಗೆ ಹೊರಡುವ ವಿಷಯ ಅವಳಿಗೆ ಮೊದಲೇ ಗೊತ್ತಿತ್ತು ಅಂತ ಈಗ ಅರ್ಥವಾಯಿತು. ಅದಕ್ಕೆ ನಾನೇನೂ ಅನ್ನಲಿಲ್ಲ. ನಿನ್ನೆ ರಾತ್ರಿ ಆ ಕಡೆಯ ಅಂಚಿನ ಲಾಳಿ ತಳ್ಳೋಕೆ ನಾನೇ ಕೂತೆ. ಕೈ ಮರೆತಿಲ್ಲ. ಸೆರಗು ಮುಗಿಯುತ್ತಾ ಬಂತು. ಕುಚ್ಚು ಯಾವ ಬಣ್ಣ ಹಾಕಿಸಬೇಕು ಅಂತ ಅವಳು ಕೇಳುತ್ತಿದ್ದಾಳೆ. ನನ್ನ ಮೇಲೆ ಸಿಟ್ಟಿದ್ದರೆ ಅವಳಿಗಾದರೂ ಫೋನ್ ಮಾಡಿ ಹೇಳು. ನಾನು ಪಕ್ಕದಲ್ಲೇ ಇರುತ್ತೇನೆ.

ಬಿಕಲಂ,
ನಿನ್ನ ಅಪ್ಪ
ಮೊಳಕಾಲ್ಮೂರು